ಗರಡಿಯ ದತ್ತಿ

ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ದೇಗುಲಕ್ಕೆ ಭೂಮಿಯನ್ನು ದತ್ತಿ ಬಿಡುವಾಗ, ಮುಂದೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ಸೇರಿಸುತ್ತಿದ್ದ ಮಾತು ಅದು. ಕಟ್ಟಿದ್ದು ಒಂದು ದಿನ ಒಡೆಯುತ್ತದೆಂಬುದನ್ನು ಅರಿತೇ ಆ ದಾನವನ್ನು ಕೊಡುತ್ತಿದ್ದರು. ಕ್ರೀಡೆಗೆ ದೊರೆಯುವ ಅನುದಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಾಗ ನನಗೆ ಮೊದಲು ನೆನಪಾದದ್ದು ಇದೇ.

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಗರಡಿಮನೆಗಳಿವೆ. ಅಲ್ಲಿ ಸಾಮು ಮಾಡುವ ಹುಡುಗರಲ್ಲಿ ಬಹುಪಾಲು ಹವ್ಯಾಸಿಗಳು. ನಸುಕಿನಲ್ಲಿ ಸಾಮು, ಹಗಲಿಗೆ ಶಾಲೆ ಇಲ್ಲವೆ ದುಡಿಮೆ. ಗರಡಿಯ ನಿಜವಾದ ಆಸ್ತಿಯೆಂದರೆ ಮಣ್ಣು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದಗೊಳಿಸಬೇಕು. ದಿನವೂ ಅಗೆದು ಸಡಿಲಿಸಬೇಕು. ಕೆಲವು ದಿನ ಕೈಬಿಟ್ಟರೆ ಅದು ಬರಿಯ ಗಟ್ಟಿ ನೆಲವಾಗುತ್ತದೆ; ಬಿದ್ದ ಹುಡುಗನ ಭುಜಕ್ಕೆ ಪೆಟ್ಟಾಗುತ್ತದೆ.

ಸರಕಾರ ಏನನ್ನೂ ಕೊಡುವುದಿಲ್ಲವೆಂದರೆ ತಪ್ಪಾದೀತು. ಸಂವಿಧಾನದ ರಾಜ್ಯಪಟ್ಟಿಯ 33ನೆಯ ವಿಷಯದಲ್ಲಿ ಕ್ರೀಡೆಯೂ ಸೇರಿದೆ. ನಮ್ಮ ರಾಜ್ಯವು ಗರಡಿಮನೆ ಕಟ್ಟಲು ಹಣ ಕೊಟ್ಟಿದೆ. ಮಾಜಿ ಪೈಲವಾನರಿಗೆ ಮಾಸಾಶನವನ್ನೂ ಗೊತ್ತುಪಡಿಸಿದೆ. 2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿಯೇ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಉದ್ಯಮಗಳು ಸಮಾಜಕ್ಕೆಂದು ತೆಗೆದಿಡುವ ಹಣವನ್ನು ಗ್ರಾಮೀಣ ಕ್ರೀಡೆಗಳ ತರಬೇತಿಗೂ ಬಳಸಬಹುದು. ಹಬ್ಬಕ್ಕೆ ಹಣವುಂಟು, ಕಟ್ಟಡಕ್ಕೆ ಹಣವುಂಟು. ಹಬ್ಬದ ಮರುದಿನಕ್ಕೆ ಎಲ್ಲಿಂದ ಎಂಬುದೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ಗರಡಿಯ ವಸ್ತಾದರು ಅರ್ಜಿ ಬರೆಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಜಾಗ ಯಾರ ಹೆಸರಿನಲ್ಲಿದೆ ಎಂಬ ಕಲಮಿಗೆ ಅವರಲ್ಲಿ ಉತ್ತರವಿರಲಿಲ್ಲ. “ಓಣಿಯದ್ದರೀ” ಎಂದರು. ನಾನು ಹಾಗೆಯೇ ಬರೆದೆ. ಅರ್ಜಿ ಮರಳಿ ಬಂದಿತು. ಇನ್ನೊಂದು ಗರಡಿಯ ಕಾಗದಪತ್ರ ಸರಿಯಾಗಿತ್ತು. ಅಲ್ಲಿ ಕಟ್ಟಡ ಎದ್ದಿತು, ಗೋಡೆಗೆ ಕಲ್ಲಿನ ಫಲಕ ಬಂದಿತು, ಮ್ಯಾಟೂ ಬಂದಿತು. ಆದರೆ ಮಣ್ಣು ಅಗೆಯುವವನ ಕೂಲಿ, ದೀಪದ ಬಿಲ್ಲು, ಹರಿದ ಮ್ಯಾಟಿನ ಹೊದಿಕೆ, ಇವು ಯಾವ ಲೆಕ್ಕದಲ್ಲಿಯೂ ಇರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತು.

ಮ್ಯಾಟಿನ ಮಾತು ಅಲ್ಪವಾದುದಲ್ಲ. ನಮ್ಮ ನೆರೆಯ ಕೊಲ್ಹಾಪುರದ ಗರಡಿಗಳಲ್ಲಿ ಪಳಗಿದ ಖಾಶಾಬಾ ಜಾಧವರು ಮಣ್ಣಿನಲ್ಲಿ ಕಲಿತು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿನ ಮೇಲೆ ಸೆಣಸಬೇಕಾಯಿತು, ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬ ಗೆದ್ದ ಮೊದಲ ಒಲಿಂಪಿಕ್ ಪದಕವದು. ಅವರ ಪ್ರಯಾಣದ ವೆಚ್ಚಕ್ಕಾಗಿ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಅಧ್ಯಾಪಕನಾಗಿದ್ದ ನನಗೆ ಇದನ್ನು ನೆನೆದಾಗ ಹೆಮ್ಮೆ. ಆದರೆ ಮೇಷ್ಟರ ಮನೆ ಒತ್ತೆ ಬೀಳದೆ ಹುಡುಗನು ಹಡಗು ಹತ್ತಲಾರನೆಂಬ ಸ್ಥಿತಿ ಹೆಮ್ಮೆಗೆ ತಕ್ಕುದಲ್ಲ.

ಹಾಗೆಂದು ಎಲ್ಲವನ್ನೂ ಸರಕಾರದ ಮೇಲೆ ಹೊರಿಸುವುದೂ ನಮ್ಮ ಊರಿಗೆ ಒಪ್ಪುವ ಮಾತಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಬಂದುದು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಮುಂದಾಗಿ, ಜನರೂ ಹಣ ಕೂಡಿಸಿದ್ದರಿಂದ. ಗರಡಿಗೂ ಹೀಗೆಯೇ ಆಗಲಿ. ಓಣಿಯವರು ವರ್ಷಕ್ಕಿಷ್ಟೆಂದು ವಂತಿಗೆ ಎತ್ತಲಿ. ಅದಕ್ಕೆ ಸರಿಸಮನಾದ ಹಣವನ್ನು ಸರಕಾರ ವರ್ಷವರ್ಷವೂ ಮಣ್ಣಿಗೆ, ಮ್ಯಾಟಿಗೆ, ದುರಸ್ತಿಗೆ ಎಂದೇ ಕೊಡಲಿ. ಜಾಗದ ಕಾಗದವಿಲ್ಲದ ಕಡೆ ಅರ್ಜಿಯನ್ನು ಮರಳಿಸುವ ಬದಲು, ಕಾಗದ ಮಾಡಿಕೊಳ್ಳಲು ನೆರವಾಗಲಿ.

ಕಟ್ಟಿಸಿದವರ ಹೆಸರು ಫಲಕದ ಮೇಲೆ ಅವಶ್ಯವಾಗಿ ಇರಲಿ. ಅದರ ಕೆಳಗೆ, ವರ್ಷಕ್ಕೆ ಮಣ್ಣಿಗೆ ಇಷ್ಟು ಎಂಬುದನ್ನೂ ಕೆತ್ತಿಸಬೇಕೆಂದು ನನ್ನ ಬಿನ್ನಹ. ನಮ್ಮ ಹಿರಿಯರು ದತ್ತಿಯ ಕಲ್ಲುಗಳಲ್ಲಿ ಅಂಥ ಲೆಕ್ಕವನ್ನು ಬರೆಯಿಸಲು ಮರೆಯುತ್ತಿರಲಿಲ್ಲ.