ತುರ್ಕಿಯ ದಾವುತೋಗ್ಲು: ಮೇಲಿನಿಂದ ಬಂದ ಅಧಿಕಾರದ ಕತೆ

(ಗಿರಣಿ ಕಾರ್ಮಿಕರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ತುರ್ಕಿ ದೇಶದ ಒಬ್ಬ ಮುತ್ಸದ್ದಿಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರ ಹೆಸರು ಅಹ್ಮತ್ ದಾವುತೋಗ್ಲು. ಐದು ವರ್ಷ ಆ ದೇಶದ ವಿದೇಶಾಂಗ ಮಂತ್ರಿಯಾಗಿದ್ದವರು. ಎರಡು ವರ್ಷಕ್ಕೆ ಕೊಂಚ ಕಡಿಮೆ ಕಾಲ ಪ್ರಧಾನ ಮಂತ್ರಿಯಾಗಿದ್ದವರು. ಅಷ್ಟು ದೂರದ ದೇಶದ ಮಂತ್ರಿಯಿಂದ ನಮಗೇನಾಗಬೇಕು ಎಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಲ್ಲಿಯೂ ನೂಲಿನ ಗಿರಣಿಗಳಿವೆ. ಸಾಲ ತಂದು ಸರಕು ತುಂಬುವ ಸಣ್ಣ ವ್ಯಾಪಾರಿಗಳಿದ್ದಾರೆ. ರಾಜಧಾನಿಯಲ್ಲಿ ಹೂಡಿದ ನೀತಿ ಅವರ ಕೂಲಿಗೂ ಗಲ್ಲಾಪೆಟ್ಟಿಗೆಗೂ ಹೇಗೆ ಬಂದು ತಟ್ಟುತ್ತದೆ ಎಂಬುದನ್ನು ಈ ಒಬ್ಬರ ಜೀವನದಿಂದ ತಿಳಿಯಬಹುದು.

ದಾವುತೋಗ್ಲು ಹುಟ್ಟಿದ್ದು 1959ರಲ್ಲಿ, ಕೊನ್ಯಾ ಪ್ರಾಂತದ ಒಂದು ಗುಡ್ಡಗಾಡಿನ ಊರಿನಲ್ಲಿ. ಇಸ್ತಾಂಬುಲಿನಲ್ಲಿ ಓದಿ, ಮಲೇಷ್ಯದಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದು, ಮರಳಿ ಬಂದು 2001ರಲ್ಲಿ ತುರ್ಕಿಯ ವಿದೇಶಾಂಗ ನೀತಿಯ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ತುರ್ಕಿಯು ಪಶ್ಚಿಮದ ದೇಶಗಳ ಬಾಗಿಲಲ್ಲಿ ಕಾದು ನಿಲ್ಲುವ ಕಾವಲುಗಾರನಲ್ಲ. ಅದರ ಚರಿತ್ರೆ, ಅದರ ನೆಲೆ ಎರಡೂ ಅದನ್ನು ತನ್ನ ಸುತ್ತಣ ಪ್ರದೇಶದ ಕೇಂದ್ರವನ್ನಾಗಿ ಮಾಡುತ್ತವೆ ಎಂಬುದು ಆ ಗ್ರಂಥದ ವಾದ. ಮರುವರ್ಷ ಎರ್ಡೋಗನ್ ಅವರ ಪಕ್ಷ ಅಧಿಕಾರಕ್ಕೆ ಬಂದಿತು. ಪುಸ್ತಕ ಬರೆದವರು ಸರ್ಕಾರದ ಸಲಹೆಗಾರರಾದರು. 2009ರ ಮೇ ತಿಂಗಳಲ್ಲಿ ವಿದೇಶಾಂಗ ಮಂತ್ರಿಯೇ ಆದರು. ಆಗ ಅವರು ಶಾಸನಸಭೆಯ ಸದಸ್ಯರೂ ಆಗಿರಲಿಲ್ಲ. ಜನರ ಒಂದು ಓಟನ್ನೂ ಕೇಳದೆ ಬಂದ ಪದವಿ ಅದು. ಇದನ್ನು ತಾವು ನೆನಪಿನಲ್ಲಿಡಬೇಕು.

ನೆರೆಯ ದೇಶಗಳೊಡನೆ ಯಾವ ತಂಟೆಯೂ ಇರಬಾರದೆಂಬುದು ಅವರ ಪ್ರಸಿದ್ಧ ಘೋಷಣೆ. ಘೋಷಣೆ ಒಳ್ಳೆಯದೇ. ಕೆಲಸವನ್ನೂ ಮಾಡಿದರು. 2009ರ ಅಕ್ಟೋಬರಿನಲ್ಲಿ ಆರ್ಮೇನಿಯದೊಡನೆ ಜೂರಿಚ್‌ನಲ್ಲಿ ಒಪ್ಪಂದಗಳಿಗೆ ಸಹಿಯಾಯಿತು. ಆದರೆ ಎರಡು ಕಡೆಯ ಶಾಸನಸಭೆಗಳಲ್ಲೂ ಅವು ಊರ್ಜಿತವಾಗಲಿಲ್ಲ. 2010ರ ಮೇ ತಿಂಗಳಲ್ಲಿ ಬ್ರೆಜಿಲ್ ದೇಶದ ಜೊತೆಗೂಡಿ ಇರಾನಿನ ಅಣುಶಕ್ತಿಯ ವಿವಾದಕ್ಕೆ ಒಂದು ದಾರಿ ತೋರಿಸಿದರು; ಬಲಿಷ್ಠ ರಾಷ್ಟ್ರಗಳು ಅದನ್ನು ತಳ್ಳಿಹಾಕಿದವು. ಈ ಶತಮಾನದ ಮೊದಲಲ್ಲಿ ಆಫ್ರಿಕ ಖಂಡದಲ್ಲಿ 12 ರಾಯಭಾರ ಕಚೇರಿಗಳಿದ್ದ ತುರ್ಕಿಗೆ ಈಗ 40ಕ್ಕೂ ಹೆಚ್ಚು ಇವೆ. ಆ ವಿಸ್ತರಣೆಯಲ್ಲಿ ಇವರ ಪಾಲು ಇದೆಯೆಂಬುದನ್ನು ವಿರೋಧಿಗಳೂ ಒಪ್ಪಬೇಕು.

ಇನ್ನು ಸಿರಿಯದ ವಿಷಯ. ಕತೆಯ ಗಂಟು ಇಲ್ಲಿದೆ. 2009ರಲ್ಲಿ ಎರಡು ದೇಶಗಳ ನಡುವೆ ವೀಸಾ ರದ್ದಾಯಿತು. ತುರ್ಕಿಯ ಗಾಜಿಯಾಂತೆಪ್ ಪಟ್ಟಣಕ್ಕೂ ಸಿರಿಯದ ಅಲೆಪ್ಪೊಗೂ ಸುಮಾರು ನೂರು ಕಿಲೋಮೀಟರು. ಅಲ್ಲಿಯವರು ಇಲ್ಲಿಗೆ ಬಂದು ಬಟ್ಟೆಬರೆ ಕೊಂಡರು. ಇಲ್ಲಿಯ ಲಾರಿಗಳು ಸಿರಿಯದ ಮೂಲಕ ಜೋರ್ಡಾನ್, ಅರಬ್ ದೇಶಗಳವರೆಗೆ ಹೋದವು. ಅಂಗಡಿಗಳು ತುಂಬಿದವು. ಆದರೆ ಈ ಸ್ನೇಹ ನಿಂತಿದ್ದುದು ಯಾರ ಮೇಲೆ? ಎರ್ಡೋಗನ್ ಮತ್ತು ಸಿರಿಯದ ಅಸಾದ್ ಎಂಬ ಇಬ್ಬರು ಆಳುವವರ ಮೇಲೆ. 2011ರಲ್ಲಿ ಸಿರಿಯದ ಜನ ಎದ್ದರು, ಅಸಾದ್ ಗುಂಡು ಹಾರಿಸಿದರು. ಆಗಸ್ಟ್ 9ರಂದು ದಾವುತೋಗ್ಲು ದಮಾಸ್ಕಸ್‌ಗೆ ಹೋಗಿ ಆರು ಗಂಟೆಗೂ ಮೇಲ್ಪಟ್ಟು ಅಸಾದರೊಡನೆ ಮಾತನಾಡಿದರು. ಫಲವಾಗಲಿಲ್ಲ. ಬಳಿಕ ತುರ್ಕಿ ಸರ್ಕಾರ ಬಂಡಾಯಗಾರರ ಬೆನ್ನಿಗೆ ನಿಂತಿತು. ಅಸಾದ್ ಬೇಗನೆ ಬೀಳುವರೆಂದು ಲೆಕ್ಕ ಹಾಕಿತು. ಅವರು ಬಿದ್ದುದು 2024ರ ಡಿಸೆಂಬರಿನಲ್ಲಿ, ಹದಿಮೂರು ವರ್ಷದ ಮೇಲೆ!

ಕೊನೆಗಾದರೂ ಬಿದ್ದರಲ್ಲ, ನೀತಿ ಸರಿಯೇ ಆಗಿತ್ತಲ್ಲ ಎಂದು ಹೇಳುವವರಿದ್ದಾರೆ. ಜನರನ್ನು ಕೊಲ್ಲುವ ದೊರೆಯ ಕೈ ಬಿಡಬೇಕಾದದ್ದು ನ್ಯಾಯವೇ. ಆದರೆ ಆ ಹದಿಮೂರು ವರ್ಷದ ಖರ್ಚು ಯಾರ ಲೆಕ್ಕಕ್ಕೆ ಬಿತ್ತು? 2011ರ ಕೊನೆಗೇ ವ್ಯಾಪಾರದ ಒಪ್ಪಂದ ಮುರಿದುಬಿತ್ತು. ಗಡಿಯ ಪಟ್ಟಣಗಳ ವರ್ತಕರ ಗಿರಾಕಿ ಹೋಯಿತು, ಲಾರಿಯವರ ದಾರಿ ಹೋಯಿತು. ಒಂದು ಹಂತದಲ್ಲಿ 35 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ತುರ್ಕಿಯಲ್ಲಿದ್ದರು. ಅವರಿಗೆ ನೆರಳು ಕೊಟ್ಟದ್ದು ತುರ್ಕಿಯ ಜನರ ದೊಡ್ಡತನ. ಆದರೆ ಹೊಲಿಗೆಯ ಕಾರ್ಖಾನೆಗಳ ಮಾಲಿಕರು ಆ ದಿಕ್ಕಿಲ್ಲದವರನ್ನು, ಅವರ ಮಕ್ಕಳನ್ನು ಸಹ, ಅರೆಕೂಲಿಗೆ ದುಡಿಸಿಕೊಂಡರು. ಸಿರಿಯದ ಕೂಲಿಯವನಿಗೂ ತುರ್ಕಿಯ ಕೂಲಿಯವನಿಗೂ ಜಗಳ ಹುಟ್ಟಿತು. ಮಾಲಿಕನಿಗೆ ಲಾಭ ಹುಟ್ಟಿತು. ಉಪ್ಪು ತಿಂದವರು ಒಬ್ಬರು, ನೀರು ಕುಡಿದವರು ಬೇರೊಬ್ಬರು. ಇತ್ತ 2013 ಮುಗಿಯುವ ಹೊತ್ತಿಗೆ ಸಿರಿಯ, ಈಜಿಪ್ಟ್, ಇಸ್ರೇಲ್ ಮೂರರಲ್ಲಿಯೂ ತುರ್ಕಿಯ ರಾಯಭಾರಿ ಇರಲಿಲ್ಲ. ತಂಟೆಯೇ ಬೇಡವೆಂದ ನೀತಿಯ ಗತಿ ಹೀಗಾಯಿತು.

2014ರ ಆಗಸ್ಟಿನಲ್ಲಿ ಎರ್ಡೋಗನ್ ರಾಷ್ಟ್ರಾಧ್ಯಕ್ಷರಾದರು. ಪಕ್ಷದ ನಾಯಕತ್ವ, ಪ್ರಧಾನಿ ಪದವಿ ಎರಡಕ್ಕೂ ದಾವುತೋಗ್ಲು ಅವರನ್ನು ಆರಿಸಿದರು. ಪಕ್ಷದ ಅಧಿವೇಶನದಲ್ಲಿ ಇದ್ದುದು ಇವರೊಬ್ಬರೇ ಉಮೇದುವಾರರು. 2015ರ ಜೂನ್ ಚುನಾವಣೆಯಲ್ಲಿ ಪಕ್ಷಕ್ಕೆ ಬಹುಮತ ತಪ್ಪಿತು. ಸಮ್ಮಿಶ್ರ ಸರ್ಕಾರದ ಮಾತುಕತೆ ಮುರಿಯಿತು. ಕುರ್ದ್ ಜನರೊಡನೆ ನಡೆದಿದ್ದ ಶಾಂತಿಯ ಸಂಧಾನವೂ ಮುರಿದು ಮತ್ತೆ ರಕ್ತ ಹರಿಯಿತು. ಅಕ್ಟೋಬರ್ 10ರಂದು ಅಂಕಾರಾದ ರೈಲು ನಿಲ್ದಾಣದ ಮುಂದೆ ಕಾರ್ಮಿಕ ಸಂಘಗಳು ಕರೆದಿದ್ದ ಶಾಂತಿ ಮೆರವಣಿಗೆಯಲ್ಲಿ ಬಾಂಬುಗಳು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮೂರು ವಾರಗಳ ಮೇಲೆ, ನವೆಂಬರ್ 1ರಂದು, ಮರುಚುನಾವಣೆ. ದಾವುತೋಗ್ಲು ಶೇಕಡ 49.5 ಮತಗಳನ್ನೂ 317 ಸ್ಥಾನಗಳನ್ನೂ ಗೆದ್ದರು.

ಆ ಗೆಲುವಿನಲ್ಲಿ ಭಯದ ಪಾಲಿತ್ತು, ಹೊಟ್ಟೆಯ ಪಾಲೂ ಇತ್ತು. ಕನಿಷ್ಠ ವೇತನವನ್ನು ತಿಂಗಳಿಗೆ 1,000 ಲಿರಾದಿಂದ 1,300ಕ್ಕೆ ಏರಿಸುತ್ತೇವೆಂದು ಮಾತು ಕೊಟ್ಟರು. 2016ರ ಜನವರಿಯಿಂದ ಏರಿಸಿಯೂ ಏರಿಸಿದರು. ಇದು ಸಣ್ಣ ಮಾತಲ್ಲ. ಮಾತು ಉಳಿಸಿಕೊಂಡವರನ್ನು ಮಾತು ಉಳಿಸಿಕೊಂಡವರೆಂದೇ ಹೇಳಬೇಕು. ಆದರೆ ಅದೇ ಸರ್ಕಾರ 2016ರ ಮೇ ತಿಂಗಳಲ್ಲಿ ಖಾಸಗಿ ಕಚೇರಿಗಳು ಕೆಲಸಗಾರರನ್ನು ಕಾರ್ಖಾನೆಗಳಿಗೆ ತಾತ್ಕಾಲಿಕವಾಗಿ ಒದಗಿಸಬಹುದೆಂಬ ಕಾನೂನನ್ನೂ ತಂದಿತು. ಬಾಡಿಗೆ ಕೂಲಿಯ ಕಾನೂನೆಂದು ಕಾರ್ಮಿಕ ಸಂಘಗಳು ಅದಕ್ಕೆ ಹೆಸರಿಟ್ಟವು. ಒಂದು ಕೈ ಕೊಟ್ಟಿತು, ಇನ್ನೊಂದು ಕೈ ಸಡಿಲಿಸಿತು.

ಅದೇ ತಿಂಗಳುಗಳಲ್ಲಿ ಬೇರೆ ಸಂಗತಿಗಳೂ ನಡೆದವು. ಕುರ್ದ್ ಊರುಗಳಲ್ಲಿ ಸೇನೆಯ ಕಾರ್ಯಾಚರಣೆ ನಿಲ್ಲಿಸಿರೆಂದು ಸಹಿ ಹಾಕಿದ ಸಾವಿರಕ್ಕೂ ಹೆಚ್ಚು ಅಧ್ಯಾಪಕರ ಮೇಲೆ ತನಿಖೆ ನಡೆಯಿತು. ಮಾರ್ಚಿನಲ್ಲಿ ದೊಡ್ಡ ವಿರೋಧಿ ಪತ್ರಿಕೆಯೊಂದನ್ನು ಸರ್ಕಾರದ ಕಡೆಯವರ ಕೈಗೆ ಒಪ್ಪಿಸಲಾಯಿತು. ಶಾಸನಸಭಾ ಸದಸ್ಯರ ರಕ್ಷಣೆಯನ್ನು ತೆಗೆದುಹಾಕುವ ತಿದ್ದುಪಡಿ ಸಿದ್ಧವಾಯಿತು. ತಾವೇ ಒಬ್ಬ ಅಧ್ಯಾಪಕರಾಗಿದ್ದ ಪ್ರಧಾನಿ ಇದಕ್ಕೆ ಅಡ್ಡ ನಿಲ್ಲಲಿಲ್ಲ.

ಆಮೇಲೆ ಅವರ ಸರದಿ ಬಂದಿತು. 2016ರ ಏಪ್ರಿಲ್ 29ರಂದು ಪಕ್ಷದ ಕಾರ್ಯಸಮಿತಿ ಸೇರಿ, ಜಿಲ್ಲೆ ತಾಲ್ಲೂಕುಗಳ ಪದಾಧಿಕಾರಿಗಳನ್ನು ನೇಮಿಸುವ ಅಧಿಕಾರವನ್ನು ಪಕ್ಷದ ಅಧ್ಯಕ್ಷರಾದ ದಾವುತೋಗ್ಲು ಅವರಿಂದ ಕಿತ್ತುಕೊಂಡಿತು. ಸಂಘಟನೆಯ ಕೆಲಸ ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ: ಗಿಡದ ಬೇರು ಕತ್ತರಿಸಿದ ಮೇಲೆ ಎಲೆಗೆ ನೀರು ಹೊಯ್ದರೆ ಏನು ಫಲ? ಮೇ 5ರಂದು ಅವರು ಇಳಿಯುವುದಾಗಿ ಸಾರಿದರು. ತಿಂಗಳು ಮುಗಿಯುವುದರೊಳಗೆ ಇಳಿದರು. ಆರು ತಿಂಗಳ ಹಿಂದೆ ದೇಶದ ಅರ್ಧದಷ್ಟು ಮತದಾರರು ಓಟು ಕೊಟ್ಟಿದ್ದ ಪ್ರಧಾನಿಗಾಗಿ ಬೀದಿಯಲ್ಲಿ ಒಂದು ಮೆರವಣಿಗೆ ಹೊರಡಲಿಲ್ಲ, ಶಾಸನಸಭೆಯಲ್ಲಿ ಒಂದು ಅವಿಶ್ವಾಸದ ಮತ ಬೀಳಲಿಲ್ಲ. ಕೊಟ್ಟ ಕೈಯೇ ಹಿಂತೆಗೆದುಕೊಂಡಿತು. ಮರುವರ್ಷದ ಜನಮತದಲ್ಲಿ ಶೇಕಡ 51.4 ಮತದಿಂದ ಪ್ರಧಾನಿ ಪದವಿಯನ್ನೇ ರದ್ದುಮಾಡಲು ಒಪ್ಪಿಗೆ ದೊರೆಯಿತು. 2018ರಲ್ಲಿ ಆ ಪದವಿ ಇಲ್ಲವಾಯಿತು.

ದಾವುತೋಗ್ಲು ಬಹುಕಾಲ ಬಾಯಿ ಬಿಡಲಿಲ್ಲ. 2019ರಲ್ಲಿ ಪಕ್ಷದ ತಪ್ಪುಗಳನ್ನು ಬಹಿರಂಗವಾಗಿ ಬರೆದರು, ಉಚ್ಚಾಟನೆಯ ಕ್ರಮ ಎದುರಾದಾಗ ರಾಜೀನಾಮೆ ಕೊಟ್ಟರು, ಡಿಸೆಂಬರಿನಲ್ಲಿ ಸ್ವಂತ ಪಕ್ಷ ಕಟ್ಟಿದರು. ಪತ್ರಿಕಾ ಸ್ವಾತಂತ್ರ್ಯ ಬೇಕು, ನ್ಯಾಯಾಲಯ ಸ್ವತಂತ್ರವಾಗಿರಬೇಕು, ಶಾಸನಸಭೆಗೆ ಬಲ ಬರಬೇಕು ಎಂದು ಸಾರಿದರು. 2020ರಲ್ಲಿ ಅವರೂ ಸೇರಿ ಸ್ಥಾಪಿಸಿದ್ದ ವಿಶ್ವವಿದ್ಯಾಲಯವನ್ನು ರಾಷ್ಟ್ರಾಧ್ಯಕ್ಷರ ಒಂದು ಆಜ್ಞೆಯಿಂದ ಮುಚ್ಚಲಾಯಿತು. 2023ರ ಚುನಾವಣೆಯಲ್ಲಿ ಅವರ ಪಕ್ಷ ಹಿಂದಿನ ಎದುರಾಳಿಗಳ ಪಟ್ಟಿಯಲ್ಲಿ ನಿಂತು 10 ಸ್ಥಾನ ಪಡೆಯಿತು. 317 ಎಲ್ಲಿ, 10 ಎಲ್ಲಿ!

ಮಿತ್ರರೇ, ಇದನ್ನು ಕಂಡು ನಗುವುದು ಸುಲಭ. ನಗಬೇಡಿ. ಅವರು ಈಗ ಹೇಳುವುದು ಸರಿಯಾದ ಮಾತೇ. ಆದರೆ ಪತ್ರಿಕೆ, ನ್ಯಾಯಾಲಯ, ಸಂಘ, ಶಾಸನಸಭೆ ಇವು ಅಧಿಕಾರದಲ್ಲಿ ಇರುವವರಿಗೆ ಕಾಲಿಗೆ ತೊಡರುವ ಕಲ್ಲುಗಳಂತೆ ಕಾಣುತ್ತವೆ. ಅಧಿಕಾರ ಹೋದ ದಿನ ಅವೇ ಬೆನ್ನಿಗೆ ಒರಗಲು ಇರುವ ಗೋಡೆ. ಅವರು ಪ್ರಧಾನಿಯಾಗಿದ್ದಾಗ ಆ ಗೋಡೆಯ ಕಲ್ಲುಗಳು ಒಂದೊಂದಾಗಿ ಕಿತ್ತುಹೋದವು. ತಮಗೆ ಬೇಕಾದಾಗ ಗೋಡೆ ಇರಲಿಲ್ಲ. ನೆರೆಯ ದೇಶದ ಸ್ನೇಹವಾಗಲಿ, ಪ್ರಧಾನಿಯ ಪದವಿಯಾಗಲಿ, ಒಬ್ಬ ವ್ಯಕ್ತಿಯ ಮರ್ಜಿಯ ಮೇಲೆ ನಿಂತದ್ದು ಆ ಮರ್ಜಿ ತಿರುಗಿದ ದಿನ ಬೀಳುತ್ತದೆ. ಬೀಳುವಾಗ ದೊಡ್ಡವರಿಗೆ ಪದವಿ ಮಾತ್ರ ಹೋಗುತ್ತದೆ. ಗಾಜಿಯಾಂತೆಪ್‌ನ ಅಂಗಡಿಯವನಿಗೆ ಗಿರಾಕಿ ಹೋಗುತ್ತದೆ, ಗಿರಣಿಯವನಿಗೆ ಕೂಲಿ ಹೋಗುತ್ತದೆ.

ಆದ್ದರಿಂದ ಒಬ್ಬ ನಾಯಕ ಎಷ್ಟು ಓದಿದ್ದಾನೆ, ಎಷ್ಟು ಚೆನ್ನಾಗಿ ಮಾತನಾಡುತ್ತಾನೆ ಎಂದಷ್ಟೇ ಕೇಳಿದರೆ ಸಾಲದು. ಅವನನ್ನು ಕೂರಿಸಿದವರು ಯಾರು, ಇಳಿಸಬಲ್ಲವರು ಯಾರು? ಈ ಎರಡು ಪ್ರಶ್ನೆ ಕೇಳುವುದನ್ನು ರೂಢಿಮಾಡಿಕೊಳ್ಳೋಣ.