ಟನ್ನಿನ ಲೆಕ್ಕ, ಬೆಟ್ಟದ ಲೆಕ್ಕ



ಕೇಂದ್ರ ಬಜೆಟ್ ಮಂಡನೆಯಾದ ಸಂಜೆ ನಾವೆಲ್ಲ ಕಾಯುವುದು ಒಂದೇ ಸುದ್ದಿಗೆ. ಯಾವುದು ಅಗ್ಗ, ಯಾವುದು ತುಟ್ಟಿ? ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ "ರಫ್ತು ಸುಂಕ" ಎಂಬ ಮಾತೂ ಬಂದು ಹೋಗುತ್ತದೆ. ನಮ್ಮ ಅಡುಗೆಮನೆಗೆ ಸಂಬಂಧವಿಲ್ಲದ್ದು ಎಂದು ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ದೇಶ ಯಾವುದನ್ನು ಮಾರಬೇಕು, ಎಷ್ಟು ಮಾರಬೇಕು ಎಂದು ದೆಹಲಿಯಲ್ಲಿ ಆಗುವ ತೀರ್ಮಾನ ಕರ್ನಾಟಕದ ಬೆಟ್ಟಗಳ ಹಣೆಬರಹವನ್ನೇ ಬದಲಿಸಿದೆ. ಅಂಥ ಎರಡು ಬೆಟ್ಟಸಾಲುಗಳ ಬಗ್ಗೆ ಇವತ್ತು ಮಾತಾಡೋಣ. ಒಂದು ಕುದುರೆಮುಖ, ಇನ್ನೊಂದು ಸಂಡೂರು.

ಮೊದಲು ಕುದುರೆಮುಖ. 1970ರ ದಶಕದಲ್ಲಿ ತೈಲದ ಬೆಲೆ ಏರಿ ದೇಶಕ್ಕೆ ವಿದೇಶಿ ವಿನಿಮಯದ ತೀವ್ರ ಕೊರತೆ ಇತ್ತು. ಇರಾನ್ ಬಳಿ ತೈಲದ ಹಣ ಇತ್ತು, ಉಕ್ಕಿನ ಕಾರ್ಖಾನೆ ಕಟ್ಟುವ ಆಸೆಯೂ ಇತ್ತು. ಆ ದೇಶದ ಸಾಲದ ಭರವಸೆಯ ಮೇಲೆ, ಆ ದೇಶಕ್ಕೇ ಅದಿರು ಕಳಿಸಲೆಂದು 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅಂದರೆ ಇದು ಶುರುವಿನಿಂದಲೇ ರಫ್ತಿಗಾಗಿ ಕಟ್ಟಿದ ಯೋಜನೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಕೊಳ್ಳುವವರು ಹಿಂದೆ ಸರಿದರು, ಗಣಿ ಮಾತ್ರ ಉಳಿಯಿತು. ಬೇರೆ ಗಿರಾಕಿಗಳನ್ನು ಹುಡುಕಿ ಕೆಲಸ ಮುಂದುವರಿಸಲಾಯಿತು.

ಅಲ್ಲಿಯ ಅದಿರು ಕಡಿಮೆ ದರ್ಜೆಯದು. ಅಗೆದದ್ದರಲ್ಲಿ ಹೆಚ್ಚಿನ ಪಾಲು ತ್ಯಾಜ್ಯ. ಅದನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ದೊಡ್ಡ ಅಣೆಕಟ್ಟು ಕಟ್ಟಿದರು. ಮಳೆಯೋ, ದೇಶದಲ್ಲೇ ಅತಿ ಹೆಚ್ಚು ಸುರಿಯುವ ಜಾಗಗಳಲ್ಲಿ ಒಂದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಆ ಸೀಮೆಯಲ್ಲೇ. ಅಗೆದ ಬೆಟ್ಟದ ಹೂಳು ಭದ್ರೆಗೆ ಇಳಿಯಿತು. ಕೊನೆಗೆ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಬೇಕೆಂದು ಹೇಳಿತು. 2005ರ ಡಿಸೆಂಬರ್ 31ಕ್ಕೆ ಕೆಲಸ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಂಪನಿ ಹುಟ್ಟಿದ ಅದೇ 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿ ಆಯಿತು. ಪರಿಸರವನ್ನೂ ಕಾಡನ್ನೂ ಕಾಪಾಡುವುದು ಸರ್ಕಾರದ ಹೊಣೆ ಎಂದು ಹೇಳುವ 48ಎ ವಿಧಿ ಸೇರಿದ್ದು ಆಗಲೇ. ಒಂದೇ ವರ್ಷ, ಒಂದೇ ಸರ್ಕಾರ. ಆದರೆ ವ್ಯಾಪಾರದ ಕಡತ ಒಂದು ಮೇಜಿನ ಮೇಲಿತ್ತು, ಪರಿಸರದ ಮಾತು ಇನ್ನೊಂದರ ಮೇಲಿತ್ತು. ಎರಡನ್ನೂ ಜೊತೆಗಿಟ್ಟು ಓದಿದವರು ಕಾಣಲಿಲ್ಲ.

ಇನ್ನು ಸಂಡೂರಿಗೆ ಬರೋಣ. ಇಲ್ಲಿಯ ಅದಿರು ಉತ್ತಮ ದರ್ಜೆಯದು. 2000ದ ದಶಕದಲ್ಲಿ ಚೀನಾ ನಗರಗಳನ್ನು ಕಟ್ಟುವ ಭರದಲ್ಲಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್ ಬೇರೆ ಎದುರಿಗಿತ್ತು. ಅದಿರಿನ ಬೆಲೆ ಗಗನಕ್ಕೇರಿತು. 2009-10ರಲ್ಲಿ ಭಾರತದಿಂದ ಹತ್ತು ಕೋಟಿ ಟನ್ನಿಗೂ ಹೆಚ್ಚು ಅದಿರು ಹೊರದೇಶಕ್ಕೆ ಹೋಯಿತು. ಅದರಲ್ಲಿ ಬಹುಪಾಲು ಚೀನಾಕ್ಕೆ. ಬಳ್ಳಾರಿ–ಹೊಸಪೇಟೆಯಿಂದ ಬೇಲೆಕೇರಿ, ಮಂಗಳೂರು, ಗೋವಾ, ಚೆನ್ನೈ ಬಂದರುಗಳ ಕಡೆಗೆ ಲಾರಿ, ವ್ಯಾಗನ್ನುಗಳು ಹಗಲೂ ರಾತ್ರಿ ಓಡಿದವು. ಚೆನ್ನೈಯಲ್ಲಿರುವ ನಮ್ಮ ಹಿರಿಯ ಕೇಳುಗರಿಗೆ ನೆನಪಿರಬಹುದು. ಬಂದರಿನ ಆಸುಪಾಸಿನ ಮನೆಗಳಿಗೂ ಅದಿರು, ಕಲ್ಲಿದ್ದಲಿನ ದೂಳು ಬರುತ್ತಿತ್ತು. ಅಲ್ಲಿ ಅವನ್ನು ಇಳಿಸಿ ತುಂಬುವುದನ್ನು ನಿಲ್ಲಿಸುವಂತೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಬೇಕಾಯಿತು.

ಈಗ ಹಣದ ಲೆಕ್ಕ ಕೇಳಿ. ಹೊರದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬರುತ್ತಿದ್ದ ಕಾಲದಲ್ಲಿ, ನೆಲದ ಒಡೆಯನಾದ ಸರ್ಕಾರಕ್ಕೆ ಸಲ್ಲುವ ರಾಜಧನ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 30 ರೂಪಾಯಿ ಮುಟ್ಟುತ್ತಿರಲಿಲ್ಲ. 2009ರ ಆಗಸ್ಟಿನಲ್ಲಷ್ಟೇ ಅದು ಬೆಲೆಯ ಶೇಕಡಾ 10 ಎಂದಾಯಿತು. 2007ರ ಬಜೆಟ್ಟಿನಲ್ಲಿ ಟನ್ನಿಗೆ 300 ರೂಪಾಯಿ ರಫ್ತು ಸುಂಕ ಬಂತು ನಿಜ, ಆದರೆ ಅದು ಹೋದದ್ದು ಕೇಂದ್ರದ ಬೊಕ್ಕಸಕ್ಕೆ. ಕೆಂಪು ದೂಳು ಕೂತ ಹೊಲಕ್ಕೆ, ಹೂಳು ತುಂಬಿದ ಕೆರೆಗೆ, ಗುಂಡಿ ಬಿದ್ದ ರಸ್ತೆಗೆ ಆ ಬೆಲೆಯಲ್ಲಿ ಪಾಲು ಇರಲಿಲ್ಲ. ಬೆಲೆ ಅಷ್ಟು, ಕೊಡಬೇಕಾದ್ದು ಇಷ್ಟೇ ಎಂದಾಗ ಅಕ್ರಮಕ್ಕೆ ದಾರಿ ಸುಲಭ. ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ. 2010ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿನವನ್ನೂ ನಿಲ್ಲಿಸಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎನ್ನುವುದು ಇದಕ್ಕೇ. ಬಾಗಿಲು ಹಾಕಲೇಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಹಠಾತ್ತನೆ ಹಾಕಿದಾಗ ಪೆಟ್ಟು ಬಿದ್ದದ್ದು ಯಾರಿಗೆ? ಸಾಲ ಮಾಡಿ ಲಾರಿ ಕೊಂಡವರಿಗೆ, ಕ್ಲೀನರ್ ಹುಡುಗರಿಗೆ, ರಸ್ತೆ ಬದಿಯ ಹೋಟೆಲಿನವರಿಗೆ, ಗಣಿ ಕೂಲಿಗಳಿಗೆ. ಗಳಿಸಿದ್ದವರು ಆಗಲೇ ಗಳಿಸಿಯಾಗಿತ್ತು. "ಪರಿಸರ ಎಂದು ಕೂತರೆ ಬಡವರ ಹೊಟ್ಟೆಗೇನು?" ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಬಡವರ ಕೆಲಸ ಹೋದದ್ದು ಮಿತಿ ಹಾಕಿದ್ದರಿಂದಲ್ಲ, ಮೊದಲೇ ಮಿತಿ ಹಾಕದೆ ಇದ್ದುದರಿಂದ. ವರ್ಷಕ್ಕೆ ಇಷ್ಟೇ ಎಂದು ಮೊದಲೇ ಗೊತ್ತಿದ್ದರೆ ಲಾರಿಗಳೂ ಅಷ್ಟೇ ಇರುತ್ತಿದ್ದವು, ಸಾಲವೂ ಅಷ್ಟೇ ಇರುತ್ತಿತ್ತು, ಕೆಲಸ ಬಹಳ ವರ್ಷ ನಡೆಯುತ್ತಿತ್ತು.

2013ರ ಏಪ್ರಿಲಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಾಡಿದ್ದು ಅದನ್ನೇ. ಅತಿ ಹೆಚ್ಚು ಅಕ್ರಮ ನಡೆದ "ಸಿ" ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವುಗಳಿಗೆ ಮೂರೂ ಜಿಲ್ಲೆ ಸೇರಿ ವರ್ಷಕ್ಕೆ ಮೂರು ಕೋಟಿ ಟನ್ ಎಂಬ ಮಿತಿ ಒಪ್ಪಿತು. ಈ ಅಂಕಿ ಮಾರುಕಟ್ಟೆ ಕೇಳಿದ್ದಲ್ಲ. ಮಣ್ಣು ಸುರಿಯಲು ಜಾಗ ಎಷ್ಟು, ರಸ್ತೆ ತಡೆಯುವ ಭಾರ ಎಷ್ಟು, ನೆಲದಲ್ಲಿ ಉಳಿದಿರುವುದೆಷ್ಟು ಎಂದೆಲ್ಲ ನೋಡಿ ಹಾಕಿದ ಮಿತಿ. ಜೊತೆಗೆ ಹರಾಜಿನ ಹಣದ ಒಂದು ಪಾಲನ್ನು ಆ ನೆಲಕ್ಕೇ ತೆಗೆದಿಡಬೇಕೆಂದಾಯಿತು. ಅದಕ್ಕೆಂದೇ ಗಣಿ ಪರಿಸರ ಪುನಶ್ಚೇತನ ನಿಗಮ ಬಂತು. 2015ರ ಕಾನೂನು ತಿದ್ದುಪಡಿಯಿಂದ ದೇಶದ ಗಣಿ ಜಿಲ್ಲೆಗಳಲ್ಲೆಲ್ಲ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಹುಟ್ಟಿದವು.

ಹಾಗಾದರೆ ಪಾಠ ಕಲಿತೆವೇ? 2022ರ ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ದೇಶದ ಅದಿರಿನ ರಫ್ತು ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಉದ್ದೇಶ ಉಕ್ಕಿನ ಬೆಲೆ ಇಳಿಸುವುದು. ನವೆಂಬರಿನಲ್ಲಿ ಏರಿಕೆ ಹಿಂದಕ್ಕೆ ಹೋಯಿತು. ಏರಿಸಿದಾಗಲೂ ಇಳಿಸಿದಾಗಲೂ ನೋಡಿದ್ದು ಬೆಲೆಯನ್ನು. ಅದೇ ವರ್ಷದ ಆಗಸ್ಟಿನಲ್ಲಿ ಮೂರು ಜಿಲ್ಲೆಗಳ ಮಿತಿಯೂ ಒಟ್ಟು ಐದು ಕೋಟಿ ಟನ್ನಿಗೆ ಏರಿತು. ಬೆಟ್ಟವನ್ನು ನೋಡುವ ಕೆಲಸ ಕೋರ್ಟಿಗೆ, ಬೆಲೆಯನ್ನು ನೋಡುವ ಕೆಲಸ ಮಂತ್ರಾಲಯಕ್ಕೆ ಎಂಬ ಹಳೆಯ ಪಾಲು ಇನ್ನೂ ಉಳಿದಿದೆ.

ನಾವು ಲೆಕ್ಕ ಇಡದಿದ್ದರೆ ಬೇರೆಯವರು ಇಡುತ್ತಾರೆ. ಯೂರೋಪ್ ಒಕ್ಕೂಟ ಆಮದಾಗುವ ಉಕ್ಕು, ಅಲ್ಯೂಮಿನಿಯಂಗಳಿಗೆ ಇಂಗಾಲದ ಬೆಲೆ ಕಟ್ಟುವ ವ್ಯವಸ್ಥೆ ತಂದಿದೆ. 2023ರ ಅಕ್ಟೋಬರಿನಿಂದ ಲೆಕ್ಕ ಒಪ್ಪಿಸುವುದು, 2026ರಿಂದ ಹಣದ ಹೊಣೆ. ಇದು ನ್ಯಾಯವೇ ಎಂದು ಭಾರತ ಪ್ರಶ್ನಿಸಿದೆ, ಪ್ರಶ್ನಿಸಬೇಕಾದ್ದೇ. ಆದರೆ ನಮ್ಮ ಹೊಗೆಯ ಬೆಲೆಯನ್ನು ನಾವೇ ಕಟ್ಟಿದ್ದರೆ ಆ ಹಣ ನಮ್ಮ ನೆಲದ ಕೆಲಸಕ್ಕೆ ಬರುತ್ತಿತ್ತು.

ನಾವು ಮುಂಬಯಿ, ಪುಣೆ, ಚೆನ್ನೈ, ದೆಹಲಿಯಲ್ಲಿ ಕೂತು ಏನು ಮಾಡಬಹುದು? ಮುಂದಿನ ಬಾರಿ ರಫ್ತು ಸುಂಕದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ವರ್ಷಕ್ಕೆ ಇಷ್ಟು ತೆಗೆಯಬಹುದೆಂದು ಯಾರು, ಏನನ್ನು ಅಳೆದು ಹೇಳಿದರು? ಬಂದ ಹಣದಲ್ಲಿ ಆ ಊರಿಗೆ ಎಷ್ಟು ಹೋಯಿತು? ಅದಿರು ಮುಗಿದ ದಿನ ಅಲ್ಲಿಯವರು ಏನು ಮಾಡಿ ಬದುಕಬೇಕು? ಊರಿನಲ್ಲಿ ಅಣ್ಣತಮ್ಮಂದಿರು, ನೆಂಟರು ಇದ್ದರೆ, ಖನಿಜ ಪ್ರತಿಷ್ಠಾನದ ಹಣ ಏನಾಯಿತೆಂದು ಗ್ರಾಮಸಭೆಯಲ್ಲಿ ಕೇಳುವಂತೆ ಹೇಳಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಲ್ಲಿಂದಲೇ ನೀವೂ ಹಾಕಬಹುದು.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಮನೆಯ ಸಂಸಾರಕ್ಕೆ ಹೇಳಿದರು. ದೇಶದ ಸಂಸಾರಕ್ಕೂ ಅದು ಸಲ್ಲುತ್ತದೆ. ಮಾರಿದ ಅದಿರನ್ನು ಮತ್ತೆ ಬೆಳೆಯಲು ಬರುವುದಿಲ್ಲ. ಹಾಗಾಗಿ ಎಷ್ಟು ಮಾರಿದೆವು ಎನ್ನುವ ಜೊತೆಗೆ ಎಷ್ಟು ಉಳಿಸಿದೆವು ಎಂಬುದೂ ಪ್ರತಿ ವರ್ಷ ಬಜೆಟ್ಟಿನಲ್ಲಿ ಓದುವಂತಾಗಲಿ.

ಮುಂದಿನ ವಾರ ಇದೇ ಹೊತ್ತಿಗೆ ಸಿಗೋಣ.