ಕುಷ್ಟಗಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ತಾಸು?



ಮಗ ಅಮೆರಿಕದಲ್ಲಿದ್ದಾನೆ ಅಂದರೆ ಸಾಕು, ನಮ್ಮ ಕೊಪ್ಪಳದ ಕಡೆ ಮೊದಲು ಬರುವ ಪ್ರಶ್ನೆ, 'ಎಷ್ಟು ತಾಸಿನ ಹಾದಿ?' ಎಷ್ಟು ಮೈಲಿ ಅಂತ ಕೇಳುವವರು ಕಡಿಮೆ. ಸರಿಯಾದ ಪ್ರಶ್ನೆಯೇ. ಆದರೆ ಟಿಕೆಟ್ಟಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ವಿಮಾನ ನಮ್ಮ ಸೀಮೆಗೆ ಬಲು ಬೇಗ ಬಂತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದಿನ ಹಾದಿ ಅವರ ಜೊತೆಗಾರ ಪೈಲಟ್ ನೆವಿಲ್ ವಿಂಟ್ಸೆಂಟ್ ಅವರದು: ಮುಂಬೈ, ಬಳ್ಳಾರಿ, ಮದ್ರಾಸ್. ಒಂಟಿ ಎಂಜಿನಿನ ಪುಸ್ ಮಾತ್ ವಿಮಾನ. ನಕ್ಷೆಯ ಮೇಲೆ ಮುಂಬೈಯಿಂದ ಬಳ್ಳಾರಿಗೆ ಗೆರೆ ಎಳೆದು ನೋಡಿ, ಅದು ಕುಷ್ಟಗಿಯ ಮಗ್ಗುಲಲ್ಲೇ ಹಾಯುತ್ತದೆ! ಕೆಲವೇ ವರ್ಷಗಳಲ್ಲಿ ಆ ವಿಮಾನ ಬಳ್ಳಾರಿ ಬಿಟ್ಟು ಹೈದರಾಬಾದಿನ ಹಾದಿ ಹಿಡಿಯಿತು.

1948ರ ಜೂನ್ 8ರಂದು ಏರ್ ಇಂಡಿಯಾ ಮುಂಬೈಯಿಂದ ಕೈರೊ, ಜಿನೀವಾ ಮೇಲೆ ಲಂಡನ್ನಿಗೆ ಹಾರಿತು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇನ್ನೂ ಹೈದರಾಬಾದಿನ ನಿಜಾಮನ ಕೈಯಲ್ಲಿದ್ದವು. ಗಡಿಯಾಚೆ ಮುಂಡರಗಿಯಲ್ಲಿ ನಿಜಾಮನ ವಿರುದ್ಧ ಅಳವಂಡಿ ಶಿವಮೂರ್ತಿಸ್ವಾಮಿಯವರ ಹೋರಾಟದ ಶಿಬಿರ. ಮುಂಬೈಗೆ ಲಂಡನ್ ಹತ್ತಿರವಾದ ವರ್ಷ ಕೊಪ್ಪಳದವರಿಗೆ ನೆರೆಯ ಗದಗವೇ ಪರರಾಜ್ಯ.

ಇನ್ನು 2021ಕ್ಕೆ ಬನ್ನಿ. ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ನಡುವೆ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾಯ್ದು, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ನೇರ ದೂರ 13,993 ಕಿಲೋಮೀಟರ್, ಹಾರಿದ್ದು ಸುಮಾರು 17 ತಾಸು. ನಡುವೆ ಒಂದು ತಾರೀಖು ಎಲ್ಲಿ ಹೋಯಿತು ಅನ್ನಬೇಡಿ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಧ್ರುವ ಯಾಕೆ? ಭೂಗೋಲದ ಮೇಲೆ ಈ ಎರಡು ಊರಿಗೆ ದಾರ ಬಿಗಿದು ಹಿಡಿಯಿರಿ, ದಾರ ತಾನಾಗಿಯೇ ಉತ್ತರದ ನೆತ್ತಿಗೆ ಸರಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಸುತ್ತಾಗಿ ಕಾಣುವ ಆ ಹಾದಿಯೇ ನಿಜಕ್ಕೂ ಹತ್ತಿರದ್ದು.

ಈಗ ನಮ್ಮ ಪಾಲಿನ ಲೆಕ್ಕ. ಕೊಪ್ಪಳದಿಂದ ಬೆಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರ್ ಮೇಲೆ. ಇಡೀ ಪ್ರಯಾಣದ ದೂರದಲ್ಲಿ ನೂರಕ್ಕೆ ಮೂರು ಪಾಲೂ ಆಗದು. ಕಾಲ? ಒಂದು ಇಡೀ ರಾತ್ರಿ. ಬೆಂಗಳೂರಿನಲ್ಲಿ ಇಳಿದು ಮತ್ತೆ ದೇವನಹಳ್ಳಿಯತ್ತ ಹೋಗಬೇಕು, ಚೀಲ ಕೊಟ್ಟು ಸಾಲಿನಲ್ಲಿ ನಿಲ್ಲಬೇಕು. ಅಂಥ ನೇರ ವಿಮಾನದ ಹದಿನೇಳು ತಾಸಿನ ಜೊತೆಗೂ ಹತ್ತು-ಹನ್ನೆರಡು ತಾಸು ಹೀಗೆ ಸೇರುತ್ತದೆ. ಹತ್ತಿರದಲ್ಲಿ ವಿಮಾನವೇ ಇಲ್ಲವೇ ಅಂದರೆ, ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ತೋರಣಗಲ್ಲಿನ ವಿದ್ಯಾನಗರಕ್ಕೆ ಪ್ರಯಾಣಿಕರ ವಿಮಾನ ಬಂತು, ನಡುವೆ ನಿಂತೂ ಹೋಯಿತು. ವಿಮಾನ ಇನ್ನಷ್ಟು ವೇಗವಾದರೆ ನಮಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಹಾದಿ ಕಿರಿದಾಗಬೇಕಿರುವುದು ನೆಲದ ಮೇಲೆ.

ಆ ಕೆಲಸ ನಿಧಾನ. ಗಿಣಿಗೇರಾ ಕಡೆಯಿಂದ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಧ್ರುವ ದಾಟಿದ ಆ ವಿಮಾನ ಬೆಂಗಳೂರಿನಲ್ಲಿ ಇಳಿದು ನಾಲ್ಕು ವರ್ಷ ಕಳೆದ ಮೇಲೆ, 2025ರ ಮೇ 15ರಂದು, ಯಲಬುರ್ಗಾ ಹಾದಿಯಲ್ಲಿ ಕುಷ್ಟಗಿಯಿಂದ ಮೊದಲ ಪ್ರಯಾಣಿಕ ರೈಲು ಹೊರಟಿತು, ಹುಬ್ಬಳ್ಳಿಯವರೆಗೆ.